ಏಳು ಸಾವಿರದ ನೂರರ ಬೇಲಿ

ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ,
ಮಾತಾಡುವುದಕ್ಕೆ ಬೇಕು.
ಪುಸ್ತಕದ ಮೊದಲ ಪುಟದಲ್ಲೇ ಇತ್ತು.
ತಾಲಿನ್ನಿನ ಪರೀಕ್ಷೆಯ ಕೋಣೆಯಲ್ಲಿ
ಮೀಸೆ ಮೂಡದ ಹುಡುಗರ ನಡುವೆ
ಅರವತ್ತನಾಲ್ಕರ ನಾನೊಬ್ಬಳು, ಹೆಲ್ವೆ,
ಕನ್ನಡಕ ಮನೆಯಲ್ಲೇ ಬಿಟ್ಟು ಬಂದವಳು.
ಪಕ್ಕದವನು ತನ್ನದನ್ನೇ ಬಿಚ್ಚಿ ಕೊಟ್ಟ.
ಅವನ ಗಾಜಿನೊಳಗೆ ಭೂಪಟ ತುಸು ಬಾಗಿತ್ತು:
ಭೂಮಿಯನ್ನು ಮೂರು ಹೋಳು ಮಾಡಿ
ಹೋಳಿಗೊಂದು ಅಳತೆಯ ಆಕಾಶ ಹಂಚಿದ ಪಟ.

ನಲವತ್ತು ಮೀಟರಿನ ಪಟ್ಟಿ
ನಮ್ಮ ವಲಯದಲ್ಲಿ ಎಲ್ಲಿಗೆ ಮುಗಿಯುತ್ತದೆ?
ನಾಲ್ಕು ಉತ್ತರ. ಒಂದಕ್ಕೆ ಗುರುತು.
ಕೈ ತಾನಾಗಿ ಅಪ್ಪನ ಕಾಲದ ಉತ್ತರಕ್ಕೆ ಹೋಯಿತು.
ಏಳು ಸಾವಿರದ ನೂರು.

ಅಪ್ಪನದು ಮೂರನೇ ದರ್ಜೆಯ ಪರವಾನಗಿ,
ಹತ್ತು ವ್ಯಾಟ್,
ಅಡುಗೆಮನೆಯ ಬಲ್ಬಿಗೂ ಸಾಲದಷ್ಟು.
ನೂರರ ಈಚೆ ಅವನು ಕುಟ್ಟಬಹುದು:
ಹವೆ ಹೀಗಿದೆ, ಆಂಟೆನಾ ಹೀಗಿದೆ, ನಮಸ್ಕಾರ.
ನೂರರ ಆಚೆ ದೊಡ್ಡ ದೊಡ್ಡ ಕೇಂದ್ರಗಳು
ಗಂಟಲು ಹರಿದುಕೊಳ್ಳುತ್ತಿದ್ದವು, ಅವುಗಳ ಮೇಲೊಂದು
ಗರಗಸದ ಸದ್ದನ್ನು ಸರ್ಕಾರವೇ ಎಳೆಯುತ್ತಿತ್ತು.
ಆ ಗರಗಸದ ಹಲ್ಲುಗಳ ಸಂದಿಯಲ್ಲಿ
ಸೋಮವಾರದ ನಸುಕು, ನಾಲ್ಕರ ಹೊತ್ತಿಗೆ
ನ್ಯೂಜೆರ್ಸಿಯಿಂದ ಚಿಕ್ಕಪ್ಪ ಓಸ್ವಾಲ್ಡ್.

ಅಲ್ಲಿ ಇನ್ನೂ ಭಾನುವಾರ.
ಅಲ್ಲಿಯ ಆಕಾಶ ಮುನ್ನೂರರ ತನಕ ಅಗಲ.
ಯಾರೋ ಗೆಳೆಯನ ಜೊತೆ ನಮ್ಮ ಭಾಷೆಯಲ್ಲಿ
ಹಲ್ಲುನೋವಿನ ಮಾತು, ಕಾರಿನ ಟೈರಿನ ಮಾತು,
ಕಪ್ಪು ಬ್ರೆಡ್ಡು ಅಲ್ಲಿ ಹುಳಿ ಬರುವುದಿಲ್ಲವಂತೆ.
ನಲವತ್ತನಾಲ್ಕರಲ್ಲಿ ದೋಣಿ ಹತ್ತಿದವನು,
ಅಣ್ಣ ಬದುಕಿದ್ದಾನೆಂಬುದೂ ತಿಳಿಯದವನು.
ಅಪ್ಪ ಬಲಗಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು
ಎಡದ್ದನ್ನು ನನಗೆ ತಿರುಗಿಸುತ್ತಿದ್ದ.
ಕೀಲಿಯ ಮೇಲಿದ್ದ ಬೆರಳು
ಒತ್ತಲೂ ಇಲ್ಲ, ಎತ್ತಲೂ ಇಲ್ಲ.

ಕಡೆಗೊಂದು ಚೀಟಿ ಬರೆದ, ಅಪರಿಚಿತನಂತೆ.
ಮಾನ್ಯರೇ, ತಮ್ಮ ಸಂಕೇತ ಇಂಥ ದಿನ, ಇಂಥ ವೇಳೆ,
ಬಲ ನಾಲ್ಕು, ಗದ್ದಲ ಬಹಳ. ಊರು: ವಾಲ್ಗಾ.
ಹೆಸರಿಲ್ಲ. ಕರೆಯಕ್ಷರ ಮಾತ್ರ.
ಏಳರ ಸೊಂಟಕ್ಕೆ ಅಡ್ಡಗೆರೆ ಎಳೆದು
ಅದರ ತುದಿಯನ್ನು ಮೇಲಕ್ಕೆ ಚಿಮ್ಮಿಸುವುದು
ನಮ್ಮ ಅಜ್ಜಿ ಕಲಿಸಿದ್ದು, ಇಬ್ಬರಿಗೂ.

ಹನ್ನೊಂದು ತಿಂಗಳಿಗೆ ಉತ್ತರ,
ಮಾಸ್ಕೋದ ಅಂಚೆಪೆಟ್ಟಿಗೆ ಎಂಬತ್ತೆಂಟರ ಮೂಲಕ
(ಎಲ್ಲರ ಚೀಟಿಯೂ ಆ ಬಾಗಿಲಲ್ಲೇ ತಲೆ ಬಗ್ಗಿಸಿ ಬರಬೇಕು).
ಕೆರೆಯ ಚಿತ್ರ, ವೇಳೆ, ಧನ್ಯವಾದ.
ವಿಳಾಸದಲ್ಲಿ ಎಂಬತ್ತೆಂಟು. ಸರಿ.
ಕೆಳಗಿನ ಮೂಲೆಯಲ್ಲಿ ಇನ್ನೊಂದು ಎಂಬತ್ತೆಂಟು.
ತಪಾಸಣೆಯವರು ಪೆಟ್ಟಿಗೆಯ ನಂಬರೆಂದುಕೊಂಡರೋ ಏನೋ.
ಕುಟ್ಟುವವರ ಲೆಕ್ಕದಲ್ಲಿ
ಎಪ್ಪತ್ಮೂರೆಂದರೆ ವಂದನೆ,
ಎಂಬತ್ತೆಂಟೆಂದರೆ ಮುತ್ತು. ಅದನ್ನು
ಗಂಡಸರು ಗಂಡಸರಿಗೆ ಕಳಿಸುವುದಿಲ್ಲ.
ಅಪ್ಪ ಅಂದು ಬ್ರೆಡ್ಡಿಗೆ ಎರಡು ಸಲ ಉಪ್ಪು ಸವರಿದ.

ಉತ್ತರವನ್ನು ಅಳಿಸಿದೆ. ಈಗ ಇನ್ನೂರು.
ಪಾಸಾದೆ, ಒಂದೇ ಅಂಕದಲ್ಲಿ.

ಹಿತ್ತಲ ತೊರೆ ದಾಟಿದರೆ ಲಾಟ್ವಿಯಾ.
ವಿಸ್ವಾಲ್ದಿಸ್ ತನ್ನ ಭೂರ್ಜದ ಮರಕ್ಕೆ ತಂತಿ ಬಿಗಿದ,
ಈ ತುದಿ ನನ್ನ ಸೇಬಿನ ಮರಕ್ಕೆ.
ಅವನ ಮೇಜಿನಲ್ಲಿ ಕೂತು ಮಾತಾಡಿದರೆ
ನನ್ನ ಅಕ್ಷರದ ಮುಂದೆ ಅವನ ದೇಶವನ್ನು ಹೇಳಬೇಕು,
ವೈ ಎಲ್, ಓರೆಗೆರೆ, ಆಮೇಲೆ ನಾನು.
ವೈ ಎಲ್ ಅಂದರೆ ಈ ಭಾಷೆಯಲ್ಲಿ
ತರುಣಿ ಅಂತಲೂ ಅರ್ಥ, ಎಂದು ನಗುತ್ತಾನೆ,
ಹಲ್ಲುಸೆಟ್ಟು ಸರಿಮಾಡಿಕೊಂಡು.
ತಂತಿಯ ಮೇಲೆ ಕೂತ ಕಾಜಾಣ
ಯಾವ ದೇಶದಲ್ಲಿ ಕೂತಿತ್ತೋ,
ನಾವಿಬ್ಬರೂ ಅಳೆಯಲಿಲ್ಲ.

ಸೋಮವಾರ ನಸುಕಿಗೆ ಈಗಲೂ ಎಚ್ಚರವಾಗುತ್ತದೆ.
ಇನ್ನೂರರವರೆಗೆ ನನ್ನದು. ಗುಬುಟ ತಿರುವಿ
ಆಚೆಗೆ ಹೋಗುತ್ತೇನೆ, ಇನ್ನೂರ ಮೂವತ್ತು, ನಲವತ್ತು.
ಚಿಕ್ಕಪ್ಪ ತೀರಿ ಎಷ್ಟೋ ವರ್ಷ.
ಬೇರೆ ಯಾರೋ, ಬೇರೆ ಭಾಷೆಯಲ್ಲಿ,
ಟೈರಿನ ಬಗ್ಗೆಯೇ ಇರಬೇಕು.
ಎಡಗಿವಿಯದನ್ನು ಹಾಗೇ ಹೊರಕ್ಕೆ ತಿರುಗಿಸಿ
ಬರೆದುಕೊಳ್ಳುತ್ತೇನೆ: ಬಲ ಐದು, ಗದ್ದಲ ಕಡಿಮೆ.